ದೊಡ್ಡ ಅಲಾಯ್ ಹಾಕಿದ ಮೇಲೆ ಕಾರಿಗೆ ಏನಾಯಿತು? ದೋಷ ಹುಡುಕುವ ಕೈಪಿಡಿ

ಹೊಸ ಅಲಾಯ್ ಚಕ್ರ ಹಾಕಿಸಿದ ದಿನ ಕಾರನ್ನು ಹತ್ತು ಸಲ ತಿರುಗಿ ತಿರುಗಿ ನೋಡುತ್ತೇವೆ. ಮಾರನೇ ದಿನ ಹೈವೇಗೆ ಹೋದರೆ ಸ್ಟೇರಿಂಗ್ ಸಣ್ಣಗೆ ನಡುಗುತ್ತದೆ. ಇಲ್ಲಾಂದ್ರೆ ಯು ಟರ್ನ್ ಹೊಡೆಯುವಾಗ ಎಲ್ಲೋ ಪರ್ ಅಂತ ಉಜ್ಜಿದ ಸದ್ದು. ಕೆಲವರ ಕಾರು ಒಂದು ಕಡೆಗೆ ಎಳೆಯಲು ಶುರು ಮಾಡುತ್ತದೆ. ಆಗ ಎಲ್ಲರೂ ಓಡುವುದು ಒಂದೇ ಕಡೆಗೆ, ಬ್ಯಾಲೆನ್ಸಿಂಗ್ (ಚಕ್ರದ ಭಾರ ಸುತ್ತಲೂ ಸಮ ಮಾಡುವುದು) ಮಾಡಿಸಲು. ಅಲ್ಲಿ ಸರಿಹೋಗದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು). ಅದೂ ಆಗದಿದ್ದರೆ ಟೈರ್ ಕಂಪನಿಯನ್ನು ಬೈಯುವುದು.

ನಾನೂ ಹಾಗೇ ಓಡಿದವನು. 15 ಇಂಚಿನ ಚಕ್ರ ತೆಗೆದು 17 ಇಂಚು ಹಾಕಿದ್ದೆ. ಗಂಟೆಗೆ 90 ಕಿ.ಮೀ. ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಆಯಿತು. ಮೂರೂ ಸಲ ಮೆಷಿನ್ ಸೊನ್ನೆ ತೋರಿಸಿತು. ಕಾರು ಮಾತ್ರ ನಡುಗುತ್ತಲೇ ಇತ್ತು. ಕೊನೆಗೆ ದೋಷ ಸಿಕ್ಕಿದ್ದು ಟೈರಿನಲ್ಲೂ ಅಲ್ಲ, ರಿಮ್ಮಿನಲ್ಲೂ ಅಲ್ಲ. ಎಲ್ಲಿ ಅಂತ ಮುಂದೆ ಹೇಳುತ್ತೇನೆ. ಅದನ್ನು ಹುಡುಕಿಕೊಟ್ಟಿದ್ದು ಗ್ಯಾರೇಜಿನ ಮೂಲೆಯಲ್ಲಿ ಇಟ್ಟಿದ್ದ ನನ್ನ ಹಳೆಯ ಚಕ್ರಗಳು.

ಅದಕ್ಕೇ ಮೊದಲ ಮಾತು: ಹೊಸ ಚಕ್ರ ಹಾಕಿ ಕಡಿಮೆ ಅಂದರೂ ಒಂದೆರಡು ಸಾವಿರ ಕಿ.ಮೀ. ಓಡಿಸುವ ತನಕ ಹಳೆಯ ಚಕ್ರ, ಹಳೆಯ ನಟ್ಟು ಮಾರಬೇಡಿ. ದೋಷ ಹುಡುಕಲು ಅದಕ್ಕಿಂತ ಒಳ್ಳೆ ಸಾಧನ ನಿಮ್ಮ ಹತ್ತಿರ ಇಲ್ಲ. ಹಳೆಯ ನಾಲ್ಕೂ ಚಕ್ರ ವಾಪಸ್ ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ತೊಂದರೆ ಹೋಯಿತಾ? ದೋಷ ಹೊಸ ಚಕ್ರದಲ್ಲಿ, ಇಲ್ಲವೇ ಅದು ಹಬ್ (ಚಕ್ರವನ್ನು ಬಿಗಿಯುವ ಕಾರಿನ ಭಾಗ) ಮೇಲೆ ಕೂತಿರುವ ರೀತಿಯಲ್ಲಿ ಇದೆ. ಹೋಗಲಿಲ್ಲವಾ? ದೋಷ ಕಾರಿನದು. ಮೊದಲೂ ಇತ್ತು, ಹೊಸ ಚಕ್ರ ಬಂದ ಮೇಲೆ ನಿಮ್ಮ ಗಮನಕ್ಕೆ ಬಂತು, ಅಷ್ಟೇ. ಒಂದು ಗಂಟೆಯ ಕೆಲಸ. ಅರ್ಧ ಊಹೆಗಳು ಅಲ್ಲಿಗೇ ಮುಗಿಯುತ್ತವೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಗಾಳಿ ಎಲ್ಲಾ ಒಂದೇ ದಿನ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಆರು ತಿಂಗಳಿಗೆ ಅದೇ ತೊಂದರೆ ಮತ್ತೆ ಬಂದಾಗ ಮೊದಲಿಂದ ಶುರು ಮಾಡಬೇಕಾಗುತ್ತದೆ.

ಓಡಿಸುವ ಮೊದಲು: ನಟ್ಟು

ಯಾವ ದೋಷ ಇದ್ದರೂ ಮೊದಲು ನೋಡಬೇಕಾದ್ದು ನಟ್ಟು. ಇದೊಂದು ಪ್ರಾಣದ ವಿಷಯ. ಮಿಕ್ಕಿದ್ದೆಲ್ಲ ಆರಾಮಾಗಿ ನೋಡಿಕೊಳ್ಳಬಹುದು.

ನಡುಕ ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದ್ದರೆ, ನಿಧಾನಕ್ಕೆ ಹೋಗುವಾಗ ಚಕ್ರದ ಕಡೆಯಿಂದ ಟಕ್ ಟಕ್ ಅಂತ ಬರುತ್ತಿದ್ದರೆ, ಆ ಸದ್ದು ವೇಗದ ಜೊತೆ ಏರುತ್ತಿದ್ದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಸ್ಪ್ಯಾನರ್ ಹಾಕಿ ನೋಡಿ. ಒಂದು ನಟ್ಟು ಸುಲಭವಾಗಿ ತಿರುಗಿದರೂ ನಾಲ್ಕೂ ಚಕ್ರ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ.

ಅಲಾಯ್ ನಟ್ಟು ಸಡಿಲ ಆಗಲು ಕಾರಣ ಇದೆ. ಹೊಸ ಚಕ್ರದ ಪೇಂಟು ನಟ್ಟು ಕೂರುವ ಜಾಗದಲ್ಲಿ ಅದುಮಿಕೊಂಡು ತೆಳ್ಳಗಾಗುತ್ತದೆ. ಅಷ್ಟು ಸಾಕು, ಬಿಗಿ ಕಡಿಮೆ ಆಗುತ್ತದೆ. ಅದಕ್ಕೇ 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಾಕಬೇಕು ಅನ್ನುತ್ತಾರೆ. ಎಷ್ಟು ಟಾರ್ಕ್ ಅನ್ನುವುದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಸಾಮಾನ್ಯ ಕಾರುಗಳಲ್ಲಿ 100ರಿಂದ 120 ನ್ಯೂಟನ್ ಮೀಟರ್ ಆಸುಪಾಸು. ಸ್ಪ್ಯಾನರ್ ಮೇಲೆ ಹತ್ತಿ ನಿಂತು ಬಿಗಿ ಮಾಡುವುದು ಲೆಕ್ಕಕ್ಕಿಲ್ಲ. ಸ್ಟಡ್ (ನಟ್ಟು ಕೂರುವ ಥ್ರೆಡ್ ಕಡ್ಡಿ) ಎಳೆದುಕೊಳ್ಳುತ್ತದೆ, ಬ್ರೇಕ್ ಡಿಸ್ಕೂ ಸೊಟ್ಟ ಆಗಬಹುದು. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಎಣ್ಣೆ ಇದ್ದರೆ ವ್ರೆಂಚ್ ಅದೇ ಅಂಕಿ ತೋರಿಸಿದರೂ ಬಿಗಿ ಮಿತಿ ಮೀರುತ್ತದೆ.

ನಟ್ಟಿನ ಬುಡವನ್ನೂ ನೋಡಿ. ಕೆಲವು ಕೋನ್ ಆಕಾರ, ಕೆಲವು ಚೆಂಡಿನ ಹಾಗೆ ದುಂಡಗೆ, ಕೆಲವು ಚಪ್ಪಟೆ ವಾಷರ್ ಇರುವಂಥವು. ಕಾರಿನ ಜೊತೆ ಬಂದ ನಟ್ಟು ದುಂಡಗಿದ್ದು, ಹೊಸ ಅಲಾಯ್ ಕೋನ್ ಕೇಳುವಂಥದ್ದಾದರೆ ಎರಡೂ ತೆಳ್ಳನೆಯ ಒಂದು ಗೆರೆಯ ಮೇಲೆ ಮಾತ್ರ ತಾಗುತ್ತವೆ. ಕೈಗೆ ಬಿಗಿ ಅನಿಸುತ್ತದೆ. ನೂರು ಕಿ.ಮೀ. ಆದ ಮೇಲೆ ಸಡಿಲ. ಪರೀಕ್ಷೆ ಸುಲಭ. ಒಂದು ನಟ್ಟು ಬಿಚ್ಚಿ ತೂತಿನ ಒಳಗೆ ಬೆಳಕು ಹಾಕಿ. ಅಗಲವಾದ ಹೊಳೆಯುವ ಉಂಗುರ ಕಂಡರೆ ಸರಿಯಾಗಿ ಕೂತಿದೆ. ಕೂದಲೆಳೆಯ ಹಾಗೆ ತೆಳ್ಳನೆಯ ಗೆರೆ ಕಂಡರೆ ನಟ್ಟು ತಪ್ಪು.

ಪಿಸಿಡಿ, ಅಂದರೆ ನಟ್ಟಿನ ತೂತುಗಳ ನಡುವನ್ನು ಸೇರಿಸುವ ವೃತ್ತದ ವ್ಯಾಸ, ಅದರ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ನಟ್ಟಿನ ಚಕ್ರಗಳಲ್ಲಿ 100 ಮಿ.ಮೀ. ಇದೆ, 98 ಮಿ.ಮೀ. ಕೂಡ ಇದೆ. ಐದು ನಟ್ಟಿನಲ್ಲಿ 112 ಇದೆ, 114.3 ಇದೆ. 100ರ ಚಕ್ರವನ್ನು 98ರ ಹಬ್‌ಗೆ ಒತ್ತಿ ಕೂರಿಸಿದರೆ ಕೂತ ಹಾಗೇ ಕಾಣುತ್ತದೆ. ಆದರೆ ಒಂದೊಂದು ಬೋಲ್ಟೂ ನಡುವಿನಿಂದ 1 ಮಿ.ಮೀ. ಪಕ್ಕಕ್ಕೆ ಎಳೆದುಕೊಂಡಿರುತ್ತದೆ. ಇದಕ್ಕೆ ಯಾವ ಬ್ಯಾಲೆನ್ಸಿಂಗೂ ಪರಿಹಾರ ಅಲ್ಲ. ಆ ಚಕ್ರ ಆ ಕಾರಿನದಲ್ಲ, ವಾಪಸ್ ಕೊಡಿ.

ನಡುಕ

ಹೆಚ್ಚು ಜನಕ್ಕೆ ಕಾಡುವುದು ಇದೇ, ಹೆಚ್ಚು ತಪ್ಪು ಊಹೆ ನಡೆಯುವುದೂ ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ಕಾರನ್ನು ಗಮನ ಇಟ್ಟು ಓಡಿಸಿ. ನಡುಕ ಎಲ್ಲಿ ಬರುತ್ತದೆ? ಸ್ಟೇರಿಂಗಿನಲ್ಲಿ ಬಂದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟಿನಲ್ಲಿ, ನೆಲದಲ್ಲಿ ಬಂದರೆ ಹಿಂದಿನದು. ಯಾವ ವೇಗದಲ್ಲಿ? 80ರಿಂದ 110ರ ನಡುವೆ ಬಂದು ಆಮೇಲೆ ಕಡಿಮೆ ಆದರೆ ಬ್ಯಾಲೆನ್ಸ್ ಇಲ್ಲವೇ ಚಕ್ರ ನಡುವಿಗೆ ಕೂರದಿರುವುದು. 30, 40ರಲ್ಲೇ ಚಕ್ರ ಎದ್ದು ಬಿದ್ದು ಹೋದ ಹಾಗೆ ಅನಿಸಿದರೆ ರಿಮ್ ಬಗ್ಗಿದೆ ಅಥವಾ ಟೈರ್ ದುಂಡಗಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ನೋಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲು ತೆಗೆದ ಕೂಡಲೇ ಹೋದರೆ ಅದು ಚಕ್ರದ ಕೆಲಸವೇ ಅಲ್ಲ, ಡ್ರೈವ್ ಶಾಫ್ಟ್ ಕಡೆ ನೋಡಬೇಕು.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತಿರ "ಗಾಡಿ ಅಲ್ಲಾಡುತ್ತೆ" ಅಂದರೆ ಅವರೂ ಊಹೆ ಮಾಡಬೇಕಾಗುತ್ತದೆ. "92ರಲ್ಲಿ ಶುರುವಾಗಿ 105ಕ್ಕೆ ಕಡಿಮೆ ಆಗುತ್ತೆ, ಸ್ಟೇರಿಂಗಲ್ಲಿ ಮಾತ್ರ" ಅಂದರೆ ಅರ್ಧ ಕೆಲಸ ಆಗಿಹೋಯಿತು.

ಆಮೇಲೆ ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ. ನಾಲ್ಕೂ ಒಂದೇ ಅಳತೆ ಇದ್ದರೆ ಮಾತ್ರ ಇದು ಸಾಧ್ಯ. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಎಡದ್ದನ್ನು ಎಡಕ್ಕೇ, ಬಲದ್ದನ್ನು ಬಲಕ್ಕೇ ಇಟ್ಟುಕೊಳ್ಳಿ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಹೋಯಿತು ಅಂದರೆ ದೋಷ ಆ ಎರಡು ಚಕ್ರಗಳ ಜೊತೆಗೇ ಹಿಂದಕ್ಕೆ ಹೋಗಿದೆ.

ಈಗ ಚಕ್ರ ಬಿಚ್ಚಿ ಅದರ ಬೆನ್ನು ನೋಡಿ. ಮುಖ ಅಲ್ಲ, ಬೆನ್ನು. ನನ್ನ ದೋಷ ಸಿಕ್ಕಿದ್ದು ಅಲ್ಲಿ.

ಅಂಗಡಿಯಲ್ಲಿ ಸಿಗುವ ಅಲಾಯ್‌ಗಳನ್ನು ಹತ್ತಾರು ಕಾರಿಗೆ ಹೊಂದುವ ಹಾಗೆ ಮಾಡಿರುತ್ತಾರೆ. ಅದಕ್ಕೆ ನಡುವಿನ ತೂತು, ಅಂದರೆ ಸೆಂಟರ್ ಬೋರ್, ದೊಡ್ಡದು. ಎಷ್ಟೋ ಅಲಾಯ್‌ಗಳಲ್ಲಿ ಅದು 73.1 ಮಿ.ಮೀ. ನಿಮ್ಮ ಕಾರಿನ ಹಬ್ 54.1 ಇರಬಹುದು, 57.1 ಇರಬಹುದು, 60.1 ಇರಬಹುದು. 60.1ರ ಹಬ್ ಮೇಲೆ 73.1ರ ಚಕ್ರ ಕೂರಿಸಿದರೆ ಸುತ್ತಲೂ ಆರೂವರೆ ಮಿ.ಮೀ. ಖಾಲಿ ಜಾಗ. ಆ ಜಾಗ ತುಂಬಲು ಒಂದು ರಿಂಗ್ ಹಾಕುತ್ತಾರೆ. ಅದೇ ಹಬ್ ರಿಂಗ್. ಪ್ಲಾಸ್ಟಿಕ್ಕಿನದು ಇರುತ್ತದೆ, ಅಲ್ಯೂಮಿನಿಯಮ್ಮಿನದೂ ಇರುತ್ತದೆ. ರಿಂಗ್ ಇಲ್ಲದಿದ್ದರೆ ಚಕ್ರವನ್ನು ನಡುವಿಗೆ ತರುವ ಭಾರವೆಲ್ಲ ನಟ್ಟಿನ ಮೇಲೆ. ಕಾಲು ಮಿ.ಮೀ. ಪಕ್ಕಕ್ಕೆ ಕೂತರೂ ಹೈವೇಯಲ್ಲಿ ಕೈಗೆ ಗೊತ್ತಾಗುತ್ತದೆ.

ನನ್ನ ಕಾರಿನ ಬಲ ಮುಂದಿನ ಚಕ್ರ ಬಿಚ್ಚಿದಾಗ ರಿಂಗ್ ಇತ್ತು. ಆದರೆ ಸೀಳಿತ್ತು. ಅದರ ಒಂದು ಅಂಚು ಮಡಚಿಕೊಂಡು ಹಬ್ಬಿಗೂ ಚಕ್ರಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತ್ತು. ಉಗುರಿನಷ್ಟು ಅಗಲ, ಕಾಗದದಷ್ಟು ದಪ್ಪದ ಪ್ಲಾಸ್ಟಿಕ್ ಚೂರು. ಚಕ್ರದ ಬೆನ್ನಿನಲ್ಲಿ ಹಬ್ ತಾಗುವ ಜಾಗದ ಅರ್ಧ ಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನರ್ಧ ಹೊಸ ಪೇಂಟು, ಗೀರೂ ಇಲ್ಲ. ಅಂದರೆ ಚಕ್ರ ಒಂದು ಕಡೆ ಮಾತ್ರ ಹಬ್ಬಿಗೆ ತಾಗುತ್ತಿತ್ತು. ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಇದು ಕಾಣಲು ಸಾಧ್ಯವೇ ಇಲ್ಲ, ಅಲ್ವಾ? ಅಲ್ಲಿ ಚಕ್ರ ಕೂರುವುದು ಮೆಷಿನ್ನಿನ ಕೋನ್ ಮೇಲೆ, ನನ್ನ ಕಾರಿನ ಹಬ್ ಮೇಲೆ ಅಲ್ಲ. ಮೆಷಿನ್ ಸೊನ್ನೆ ತೋರಿಸಿದ್ದು ಸುಳ್ಳಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಹೊಸ ರಿಂಗ್ ತಂದೆ. ಹಬ್ಬಿನ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದೆ. ಚಕ್ರದ ಬೆನ್ನನ್ನು ಬಟ್ಟೆಯಿಂದ ಒರೆಸಿದೆ. ಚಕ್ರ ಗಾಳಿಯಲ್ಲಿ ಇರುವಾಗಲೇ ಕೈಯಿಂದ ಎಲ್ಲಾ ನಟ್ಟು ಕೂರಿಸಿ, ಒಂದು ಬಿಟ್ಟು ಎದುರಿನದು ಅನ್ನುವ ಹಾಗೆ ನಕ್ಷತ್ರದ ಕ್ರಮದಲ್ಲಿ ಅರ್ಧ ಬಿಗಿ ಮಾಡಿದೆ. ಕಾರು ಇಳಿಸಿದ ಮೇಲೆ ಟಾರ್ಕ್ ವ್ರೆಂಚ್. ಅವತ್ತು ಸಂಜೆ 100ರಲ್ಲಿ ಸ್ಟೇರಿಂಗ್ ಮೇಲೆ ಒಂದು ಬೆರಳು ಇಟ್ಟು ನೋಡಿದೆ. ಕಲ್ಲಿನ ಹಾಗೆ ಸ್ಥಿರ.

ಕ್ರಮ ಯಾಕೆ ಮುಖ್ಯ ಅಂದರೆ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ನಟ್ಟು ಬಿಗಿ ಮಾಡಲು ಶುರು ಮಾಡಿದರೆ ಚಕ್ರ ತಾನಾಗಿ ನಡುವಿಗೆ ಬರಲಾರದು. ಒಂದೇ ನಟ್ಟನ್ನು ಏರ್ ಗನ್ನಿನಲ್ಲಿ ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋದರೂ ಅಷ್ಟೇ.

ರಿಂಗ್ ಸರಿಯಾಗಿದ್ದು, ಹಬ್ ಚೊಕ್ಕಟ ಇದ್ದು, ಇನ್ನೂ ನಡುಗುತ್ತಿದ್ದರೆ ರಿಮ್ ನೇರವಾಗಿದೆಯಾ ನೋಡಿ. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಇಟ್ಟಿಗೆಯ ಮೇಲೆ ಪೆನ್ಸಿಲ್ ಇಟ್ಟು ಅದರ ತುದಿ ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಜೋಡಿಸಿ. ಚಕ್ರವನ್ನು ನಿಧಾನಕ್ಕೆ ಕೈಯಿಂದ ತಿರುಗಿಸಿ. ಪೆನ್ಸಿಲ್ಲಿಗೂ ರಿಮ್ಮಿಗೂ ನಡುವಿನ ಸಂದಿ ಒಂದು ಸುತ್ತಿನಲ್ಲಿ ಹೆಚ್ಚು ಕಡಿಮೆ ಆಗುತ್ತಿದೆಯಾ? 1 ಮಿ.ಮೀ.ಗಿಂತ ಜಾಸ್ತಿ ಆಡಿದರೆ ನಾನು ಆ ರಿಮ್ಮನ್ನು ಒಪ್ಪುವುದಿಲ್ಲ. ಒಳಗಿನ ಅಂಚನ್ನೂ ಮರೆಯದೆ ನೋಡಿ. ಗುಂಡಿಗೆ ಬಿದ್ದಾಗ ಮೊದಲು ಬಗ್ಗುವುದು ಹೆಚ್ಚಾಗಿ ಒಳ ಅಂಚು. ಹೊರಗಿನಿಂದ ನೋಡಿದರೆ ಚಕ್ರ ಚೆನ್ನಾಗೇ ಕಾಣುತ್ತದೆ.

ರಿಮ್ ನೇರ ಇದ್ದು ಟೈರ್ ಮಾತ್ರ ಅಲ್ಲಾಡಿದರೆ ಟೈರ್ ರಿಮ್ಮಿನೊಳಗೆ ಸರಿಯಾಗಿ ಕೂತಿಲ್ಲ. ಟೈರಿನ ಪಕ್ಕದಲ್ಲಿ, ರಿಮ್ಮಿಗೆ ತೀರಾ ಹತ್ತಿರ, ರಬ್ಬರಿನಲ್ಲೇ ಅಚ್ಚಾದ ಸಣ್ಣ ಗೆರೆ ಸುತ್ತಲೂ ಇರುತ್ತದೆ. ಅದು ರಿಮ್ಮಿನ ಅಂಚಿನಿಂದ ಎಲ್ಲಾ ಕಡೆ ಒಂದೇ ದೂರದಲ್ಲಿ ಇರಬೇಕು. ಎಲ್ಲಾದರೂ ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಗಾಳಿ ಬಿಟ್ಟು, ಸೋಪು ನೀರು ಹಚ್ಚಿ, ಮತ್ತೆ ಕೂರಿಸಬೇಕು. ತಗ್ಗು ಪ್ರೊಫೈಲಿನ (ಪಕ್ಕದ ಎತ್ತರ ಕಡಿಮೆ ಇರುವ) ಟೈರ್‌ಗಳ ಪಕ್ಕ ಗಟ್ಟಿ, ಅದಕ್ಕೆ ಇದು ಸ್ವಲ್ಪ ಜಾಸ್ತಿ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬ್ಯಾಲೆನ್ಸಿಂಗ್. ಅಲ್ಲೂ ಒಂದು ಪರೀಕ್ಷೆ ಕೇಳಿ ಮಾಡಿಸಿ. ಮೆಷಿನ್ ಸೊನ್ನೆ ತೋರಿಸಿದ ಮೇಲೆ ಚಕ್ರವನ್ನು ಸಡಿಲ ಮಾಡಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿ ಮಾಡಿ ಓಡಿಸಲು ಹೇಳಿ. ಮತ್ತೆ ಸೊನ್ನೆ ಬಂದರೆ ಸರಿ. 15, 20 ಗ್ರಾಂ ತೋರಿಸಿದರೆ ಚಕ್ರ ಮೆಷಿನ್ನಿನ ಮೇಲೇ ಸರಿಯಾಗಿ ಕೂತಿಲ್ಲ. ಕೋನ್ ಅಳತೆ ತಪ್ಪಿರಬಹುದು, ಕೊಳೆ ಇರಬಹುದು. ಒಂದೇ ಚಕ್ರಕ್ಕೆ 100 ಗ್ರಾಂ ದಾಟಿ ಸೀಸ ಅಂಟಿಸುತ್ತಿದ್ದರೆ ತಡೆಯಿರಿ. ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಅರ್ಧಕ್ಕರ್ಧ ಇಳಿಯುತ್ತದೆ. ರಿಮ್ಮಿನ ಒಳಗೋಡೆಗೆ ಒಣಗಿದ ಕೆಸರು ಅಂಟಿದ್ದರೂ ನಡುಕ ಬರುತ್ತದೆ. ಮಳೆಯಲ್ಲಿ ಮಣ್ಣು ರಸ್ತೆ ಓಡಿದ ಮಾರನೇ ದಿನ ಇದ್ದಕ್ಕಿದ್ದ ಹಾಗೆ ನಡುಗಿದರೆ ಮೊದಲು ಪೈಪು ಹಿಡಿದು ಒಳಗೆ ತೊಳೆಯಿರಿ.

ಉಜ್ಜುವ ಸದ್ದು

ಎಲ್ಲಿ ಉಜ್ಜುತ್ತಿದೆ ಅನ್ನುವುದೇ ಯಾಕೆ ಉಜ್ಜುತ್ತಿದೆ ಅಂತ ಹೇಳಿಬಿಡುತ್ತದೆ. ಅದಕ್ಕೆ ಮೊದಲು ಗುರುತು ಹುಡುಕಿ. ಟೈರಿನ ಹೊರ ಭುಜ, ಮೇಲ್ಮೈ, ಒಳ ಭುಜ ಮೂರೂ ಕಡೆ ಸೀಮೆಸುಣ್ಣ ಬಳಿಯಿರಿ. ಮೂರೂ ಕಡೆ ಬೇರೆ ಬೇರೆ ಬಣ್ಣ ಇದ್ದರೆ ಇನ್ನೂ ಒಳ್ಳೆಯದು. ಹಿಂದೆ ಮೂರು ಜನ ಕೂತಿರಲಿ. ಪೂರ್ತಿ ಎಡಕ್ಕೆ ತಿರುಗಿಸಿ, ಪೂರ್ತಿ ಬಲಕ್ಕೆ ತಿರುಗಿಸಿ, ಒಂದು ಹಂಪ್ ಹತ್ತಿಸಿ ಇಳಿಸಿ. ಆಮೇಲೆ ಮಡ್‌ಗಾರ್ಡ್ ಒಳಗೆ ಟಾರ್ಚ್ ಹಾಕಿ ಬಣ್ಣ ಎಲ್ಲಿ ಅಂಟಿದೆ ನೋಡಿ.

ಮಡ್‌ಗಾರ್ಡಿನ ಹೊರ ಅಂಚಿಗೆ ತಾಗಿದ್ದರೆ ಚಕ್ರ ಹೊರಗೆ ಬಂದಿದೆ, ಅಂದರೆ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ ತಾಗುವ ಮುಖ ಎಷ್ಟು ಹೊರಗಿದೆ ಅನ್ನುವ ಅಳತೆ) ಕಡಿಮೆ. ಒಳಗೆ ಶಾಕ್ ಅಬ್ಸಾರ್ಬರ್ ಕಡೆ ಒಳ ಭುಜ ತಾಗಿದ್ದರೆ ಆಫ್‌ಸೆಟ್ ಜಾಸ್ತಿ ಅಥವಾ ರಿಮ್ ಅಗಲ. ಪೂರ್ತಿ ತಿರುಗಿಸಿದಾಗ ಪ್ಲಾಸ್ಟಿಕ್ ಲೈನರಿನ ಮುಂದೆಯೋ ಹಿಂದೆಯೋ ಟೈರಿನ ಮೇಲ್ಮೈ ತಾಗಿದ್ದರೆ ಒಟ್ಟು ಎತ್ತರವೇ ಜಾಸ್ತಿ.

ಆಫ್‌ಸೆಟ್ ಲೆಕ್ಕ ಕೈಯಲ್ಲೇ ಹಾಕಬಹುದು. ಹಳೆಯ ರಿಮ್ 6ಜೆ ಇಟಿ45, ಹೊಸದು 7ಜೆ ಇಟಿ38 ಅಂತಿಟ್ಟುಕೊಳ್ಳಿ (ಜೆ ಮೊದಲಿನ ಅಂಕಿ ಇಂಚಿನಲ್ಲಿ ಅಗಲ, ಇಟಿ ಅಂದರೆ ಮಿ.ಮೀ. ಲೆಕ್ಕದ ಆಫ್‌ಸೆಟ್). ಅಗಲ ಒಂದು ಇಂಚು ಜಾಸ್ತಿ, ಅಂದರೆ ಒಂದೊಂದು ಬದಿಗೆ 12.7 ಮಿ.ಮೀ. ಹಂಚಿಕೊಳ್ಳುತ್ತದೆ. ಆಫ್‌ಸೆಟ್ 7 ಕಡಿಮೆ ಆದ್ದರಿಂದ ಇಡೀ ಚಕ್ರ 7 ಮಿ.ಮೀ. ಹೊರಗೆ ಸರಿಯುತ್ತದೆ. ಹೊರ ಅಂಚು ಸುಮಾರು 20 ಮಿ.ಮೀ. ಹೊರಗೆ ಬಂತು. ಒಳ ಅಂಚು ಸುಮಾರು 6 ಮಿ.ಮೀ. ಒಳಗೆ ಹೋಯಿತು. ಎರಡು ಸೆಂಟಿಮೀಟರ್ ಅಂದರೆ ಮಡ್‌ಗಾರ್ಡಿಗೆ ತುಂಬಾ ಆಯಿತು. ಚಕ್ರ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಿದ್ದರೆ ಎಷ್ಟೋ ಜನರ ಟೈರ್ ಕತ್ತರಿಸಿಹೋಗುವುದು ತಪ್ಪುತ್ತಿತ್ತು.

ಒಳಗಡೆ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಕಿರುಬೆರಳು ಆರಾಮಾಗಿ ಹೋಗದಿದ್ದರೆ ನಾನು ಆ ಜೋಡಣೆಯನ್ನು ಓಡಿಸುವುದಿಲ್ಲ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಬಾಗುತ್ತದೆ, ನಿಂತಾಗ ಇದ್ದ ಸಂದಿ ಓಡುವಾಗ ಇರುವುದಿಲ್ಲ. ಲೈನರಿಗೆ ತಾಗಿದರೆ ಸದ್ದು ಮಾತ್ರ. ಮಡ್‌ಗಾರ್ಡಿನ ತಗಡಿನ ಅಂಚಿಗೆ ಸೈಡ್‌ವಾಲ್ ತಾಗಿದರೆ ಅದು ಚಾಕು ಇದ್ದ ಹಾಗೆ.

ಪರಿಹಾರಕ್ಕೆ ಸ್ಪೇಸರ್ (ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ) ಹಾಕಿಸಿ ಅನ್ನುವವರು ಇದ್ದಾರೆ. ಒಳಗೆ ತಾಗುತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹಾಕಿದರೆ ಹಬ್ಬಿನ ನಡುವಿಗೆ ಕೂರುವಂಥದ್ದೇ ಆಗಬೇಕು. ನಟ್ಟಿಗೆ ಸಿಗುವ ಥ್ರೆಡ್ಡನ್ನೂ ಎಣಿಸಿ. ಸ್ಟಡ್ಡಿನ ದಪ್ಪ ಎಷ್ಟೋ ಅಷ್ಟು ಉದ್ದ ಥ್ರೆಡ್ ಹಿಡಿಯಬೇಕು ಅನ್ನುವುದು ನಾನು ಪಾಲಿಸುವ ಲೆಕ್ಕ. 12 ಮಿ.ಮೀ. ದಪ್ಪ, 1.5 ಪಿಚ್ ಇರುವ ಸ್ಟಡ್ ಆದರೆ ಪೂರ್ತಿ ಎಂಟು ಸುತ್ತು. ಐದೇ ಸುತ್ತಿಗೆ ನಟ್ಟು ಬಿಗಿಯಾದರೆ ಆ ಸ್ಪೇಸರ್ ಬೇಡ.

ಇನ್ನೊಂದು ಉಜ್ಜುವ ಸದ್ದು ಇದೆ, ಲೋಹದ್ದು. ತಿರುಗಿಸದೆ, ನೇರ ಹೋಗುವಾಗಲೂ ಸರ್ ಸರ್ ಅಂತ ಬಂದರೆ ಬ್ರೇಕ್ ಕ್ಯಾಲಿಪರ್ ಕಡ್ಡಿಗಳ ಬೆನ್ನಿಗೆ ತಾಗುತ್ತಿರಬಹುದು. ಅಥವಾ ಚಕ್ರ ಹಾಕುವಾಗ ಡಿಸ್ಕ್ ಹಿಂದಿನ ತಗಡು ಬಗ್ಗಿರಬಹುದು. ತಗಡನ್ನು ಬೆರಳಿನಿಂದ ಹಿಂದಕ್ಕೆ ಬಗ್ಗಿಸಿದರೆ ಸಾಕು. ಕ್ಯಾಲಿಪರ್ ತಾಗುತ್ತಿದ್ದರೆ ಒಂದು ಕಿ.ಮೀ. ಕೂಡ ಓಡಿಸಬೇಡಿ.

ಒಂದು ಕಡೆಗೆ ಎಳೆಯುವುದು

ಗಾಳಿ ಮೊದಲು ನೋಡಿ. ಎಡ ಬಲಕ್ಕೆ ಮೂರು ನಾಲ್ಕು ಪಿಎಸ್‌ಐ ವ್ಯತ್ಯಾಸ ಇದ್ದರೂ ಕಾರು ಎಳೆಯುತ್ತದೆ. ಆಮೇಲೆ ಮುಂದಿನ ಎರಡು ಚಕ್ರ ಅದಲು ಬದಲು ಮಾಡಿ, ದಿಕ್ಕಿನ ಬಾಣ ಇಲ್ಲದ ಟೈರ್ ಆದರೆ. ಎಡಕ್ಕೆ ಎಳೆಯುತ್ತಿದ್ದದ್ದು ಬಲಕ್ಕೆ ಎಳೆಯಲು ಶುರುವಾದರೆ ಟೈರೇ ಕಾರಣ. ಒಳಗಿನ ಪದರ ಸ್ವಲ್ಪ ಓರೆಯಾಗಿದ್ದರೆ ಟೈರ್ ಕೋನಿನ ಹಾಗೆ ಉರುಳುತ್ತದೆ. ಅದಕ್ಕೆ ಅಲೈನ್‌ಮೆಂಟ್ ಏನೂ ಮಾಡಲಾಗದು. ಬದಲಾಗದೆ ಎಡಕ್ಕೇ ಎಳೆದರೆ ಆಗ ಅಲೈನ್‌ಮೆಂಟ್ ಮಾಡಿಸಿ.

ರಸ್ತೆಯ ಗೆರೆ, ಲಾರಿ ಓಡಿ ಬಿದ್ದ ಹಳ್ಳ ಇವುಗಳ ಹಿಂದೆ ಸ್ಟೇರಿಂಗ್ ತಾನಾಗಿ ಓಡಿದರೆ ಅದು ದೋಷ ಅಲ್ಲ. ಅಗಲ ಟೈರ್, ಗಟ್ಟಿ ಪಕ್ಕ, ಕಡಿಮೆ ಆಫ್‌ಸೆಟ್ ಮೂರೂ ಸೇರಿದಾಗ ಹೀಗಾಗುತ್ತದೆ. ಗಾಳಿ ಸರಿ ಇಟ್ಟು, ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಮಾಡಿಸಿದರೆ ಸ್ವಲ್ಪ ಕಡಿಮೆ ಆಗುತ್ತದೆ. ಪೂರ್ತಿ ಹೋಗುವುದಿಲ್ಲ. ಇದನ್ನು ಸರಿಮಾಡಲು ಅಂತ ಸಸ್ಪೆನ್ಷನ್ ಭಾಗ ಬದಲಿಸುತ್ತಾ ಹೋಗಬೇಡಿ.

ಗಡಸು ಓಟ, ಉಬ್ಬಿದ ಟೈರ್

195/65 ಆರ್15 ಅಂದರೆ 195 ಮಿ.ಮೀ. ಅಗಲ, ಆ ಅಗಲದ 65 ಶೇಕಡಾ ಪಕ್ಕದ ಎತ್ತರ, 15 ಇಂಚಿನ ರಿಮ್. ಈ ಟೈರಿನ ಪಕ್ಕದ ಎತ್ತರ ಸುಮಾರು 127 ಮಿ.ಮೀ. ಅದರ ಬದಲು 215/45 ಆರ್17 ಹಾಕಿದರೆ ಸುಮಾರು 97. ಮೂರು ಸೆಂಟಿಮೀಟರ್ ರಬ್ಬರಿನ ಮೆತ್ತೆ ಹೋಯಿತು. ಸ್ವಲ್ಪ ಗಡಸು ಆಗಲೇಬೇಕು. ಆದರೆ ಹಲ್ಲು ಕಟಕಟ ಅನ್ನುವಷ್ಟು ಆಗಬಾರದು. ಹಾಗಾದರೆ ಗಾಳಿ ನೋಡಿ.

ಇಲ್ಲಿ ಇಬ್ಬರೂ ತಪ್ಪು ಮಾಡುತ್ತಾರೆ. ಒಬ್ಬರು ಗಡಸು ಅಂತ ಗಾಳಿ ಇಳಿಸುತ್ತಾರೆ. ಗುಂಡಿ ಬಂದಾಗ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರ್ ನಜ್ಜಾಗಿ ಒಳಗಿನ ದಾರ ಹರಿಯುತ್ತದೆ, ಪಕ್ಕದಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು ಬರುತ್ತದೆ. ಉಬ್ಬು ಬಂದ ಟೈರ್ ಯಾವಾಗ ಬೇಕಾದರೂ ಒಡೆಯಬಹುದು, ರಿಪೇರಿ ಇಲ್ಲ. ಇನ್ನೊಬ್ಬರು ರಿಮ್ ಉಳಿಯಲಿ ಅಂತ ಸಿಕ್ಕಾಪಟ್ಟೆ ಗಾಳಿ ತುಂಬುತ್ತಾರೆ. ಹಿಡಿತ ಹೋಗುತ್ತದೆ, ನಡುವೆ ಮಾತ್ರ ಸವೆಯುತ್ತದೆ.

ಬಾಗಿಲಿನ ಪಕ್ಕದ ಸ್ಟಿಕ್ಕರಿನಲ್ಲಿರುವ ಗಾಳಿಯ ಅಂಕಿ ಹಳೆಯ ಅಳತೆಗೆ ಬರೆದದ್ದು. ಹೊಸ ಟೈರಿನ ಲೋಡ್ ಇಂಡೆಕ್ಸ್ (ಎಷ್ಟು ಭಾರ ಹೊರುತ್ತದೆ ಅಂತ ಹೇಳುವ ಅಂಕಿ) ನೋಡಿಕೊಳ್ಳಿ. 91 ಅಂದರೆ 615 ಕೆ.ಜಿ., 87 ಅಂದರೆ 545 ಕೆ.ಜಿ. ಒಂದೊಂದು ಟೈರಿಗೂ 70 ಕೆ.ಜಿ. ಕಡಿಮೆ! ಹಳೆಯದು 91 ಇದ್ದರೆ ಹೊಸದೂ 91 ಅಥವಾ ಮೇಲೆಯೇ ಇರಬೇಕು. ಅದಕ್ಕಾಗಿ ಎಕ್ಸ್‌ಎಲ್ (ಹೆಚ್ಚು ಭಾರ ಹೊರುವಂಥದ್ದು) ಅಂತ ಬರೆದ ಟೈರ್ ಹಾಕಿದ್ದರೆ ಇನ್ನೊಂದು ಸೂಕ್ಷ್ಮ ಇದೆ. ಮಾಮೂಲಿ ಟೈರ್ ತನ್ನ ಪೂರ್ತಿ ಭಾರ ಹೊರುವುದು 36 ಪಿಎಸ್‌ಐ ಹತ್ತಿರ. ಎಕ್ಸ್‌ಎಲ್ ಟೈರಿಗೆ ಅದು 42 ಹತ್ತಿರ. ಹಾಗಾಗಿ ಹಳೆಯ ಅಂಕಿಯನ್ನೇ ಇಟ್ಟರೆ ಎಕ್ಸ್‌ಎಲ್ ಟೈರ್ ಅಷ್ಟೇ ಭಾರ ಹೊರಲಾರದು. ಟೈರ್ ತಯಾರಕರ ಲೋಡ್ ಪಟ್ಟಿ ನೋಡಿ ಕೆಲವು ಪಿಎಸ್‌ಐ ಏರಿಸಬೇಕು, ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆಯಬೇಕು.

ಗಾಳಿ ಇಳಿಯುವುದು

ಸೋಪು ನೀರು ಚಿಮುಕಿಸಿ ಕಾಯಿರಿ. ರಿಮ್ಮಿಗೂ ಟೈರಿಗೂ ಸೇರುವ ಎರಡೂ ಅಂಚು, ವಾಲ್ವಿನ ಬುಡ, ವಾಲ್ವಿನ ಬಾಯಿ. ಅಲ್ಲೆಲ್ಲೂ ಗುಳ್ಳೆ ಬರದಿದ್ದರೆ ಚಕ್ರ ಬಿಚ್ಚಿ ರಿಮ್ಮಿನ ಒಳಗೋಡೆಗೆ ಹಾಕಿ. ಅಲಾಯ್ ಬಿರುಕು ಹೆಚ್ಚಾಗಿ ಒಳ ಅಂಚಿನ ಹತ್ತಿರ ಇರುತ್ತದೆ, ಕಣ್ಣಿಗೆ ಕಾಣದಷ್ಟು ತೆಳ್ಳಗೆ. ಸಾಸಿವೆಯಂಥ ಗುಳ್ಳೆಗಳು ಸಾಲಾಗಿ ಎದ್ದರೆ ಅದೇ ಬಿರುಕು. ವೆಲ್ಡಿಂಗ್ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ನನ್ನ ಮನೆಯವರು ಕೂರುವ ಕಾರಿಗೆ ನಾನು ವೆಲ್ಡ್ ಮಾಡಿದ ಚಕ್ರ ಹಾಕುವುದಿಲ್ಲ.

ಮೀಟರ್, ದೀಪಗಳು, ಮೈಲೇಜ್

195/65 ಆರ್15ರ ಒಟ್ಟು ಎತ್ತರ 634.5 ಮಿ.ಮೀ. 205/55 ಆರ್16 ಸುಮಾರು 632, 225/45 ಆರ್17 ಸುಮಾರು 634. ಇವು ಹೊಂದುತ್ತವೆ. ಅದೇ 205/60 ಆರ್16 ಹಾಕಿದರೆ 652 ಆಗುತ್ತದೆ, ಸುಮಾರು 2.8 ಶೇಕಡಾ ಜಾಸ್ತಿ. ಹಳೆಯ ಚಕ್ರದಲ್ಲಿ ಮೀಟರ್ ಸರಿಯಾಗಿ 100 ತೋರಿಸುತ್ತಿತ್ತು ಅಂದುಕೊಂಡರೆ, ಈಗ 100 ಅಂದಾಗ ನೀವು ನಿಜವಾಗಿ 103ರ ಹತ್ತಿರ ಇರುತ್ತೀರಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಹಾಗಿಲ್ಲ. ಅದಕ್ಕೇ ಕಾರಿನವರು ಸ್ವಲ್ಪ ಜಾಸ್ತಿ ತೋರಿಸುವ ಹಾಗೆ ಇಟ್ಟಿರುತ್ತಾರೆ. ದೊಡ್ಡ ಟೈರ್ ಆ ಅಂತರವನ್ನು ತಿಂದುಬಿಡುತ್ತದೆ. ಫೋನಿನ ಜಿಪಿಎಸ್ ಜೊತೆ ನೇರ ರಸ್ತೆಯಲ್ಲಿ ಹೋಲಿಸಿ ನೋಡಿ.

ಟೈರ್ ಗಾಳಿಯ ದೀಪ ಹತ್ತಿದರೆ, ಹಳೆಯ ರಿಮ್ಮಿನ ಸೆನ್ಸರ್ ಹೊಸದಕ್ಕೆ ಹಾಕಿದ್ದಾರಾ ಕೇಳಿ. ಸೆನ್ಸರ್ ಇಲ್ಲದೆ ಚಕ್ರದ ವೇಗ ನೋಡಿ ಲೆಕ್ಕ ಹಾಕುವ ಕಾರಾದರೆ ರೀಸೆಟ್ ಮಾಡಬೇಕು ಅಷ್ಟೇ. ಎಬಿಎಸ್ ದೀಪ ಬಂದರೆ ಮುಂದೆ ಹಿಂದೆ ಬೇರೆ ಬೇರೆ ಎತ್ತರದ ಟೈರ್ ಬಿದ್ದಿದೆಯಾ, ಇಲ್ಲ ಚಕ್ರ ಬಿಚ್ಚುವಾಗ ಸೆನ್ಸರ್ ವೈರ್ ಎಳೆದಿದೆಯಾ ನೋಡಿ.

ಮೈಲೇಜ್, ಪಿಕಪ್ ಕಡಿಮೆ ಆಯಿತು ಅಂದರೆ ಹಳೆಯ ಚಕ್ರ, ಹೊಸ ಚಕ್ರ ಎರಡನ್ನೂ ಟೈರ್ ಸಮೇತ ತೂಕ ಹಾಕಿ. ಒಂದೊಂದಕ್ಕೆ ಮೂರು ನಾಲ್ಕು ಕೆ.ಜಿ. ಜಾಸ್ತಿ ಇದ್ದರೆ ಉತ್ತರ ಸಿಕ್ಕಿತು. ಅಲಾಯ್ ಅಂದ ಮಾತ್ರಕ್ಕೆ ಹಗುರ ಅಲ್ಲ.

ಗುಂಯ್ ಅನ್ನುವ ಸದ್ದು

ಹೊಸ ಟೈರಿನ ಸದ್ದಾ, ಬೇರಿಂಗಾ ಅನ್ನುವ ಗೊಂದಲ ಎಲ್ಲರಿಗೂ. 60ರಲ್ಲಿ ನೇರ ಹೋಗುತ್ತಾ ಮೆಲ್ಲಗೆ ಬಲಕ್ಕೆ, ಮೆಲ್ಲಗೆ ಎಡಕ್ಕೆ ತೂಗಿ. ಬಲಕ್ಕೆ ತಿರುಗಿದಾಗ ಭಾರ ಎಡಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡ ಬೇರಿಂಗ್ ಕಡೆ ಅನುಮಾನ ಪಡಿ. ಎರಡೂ ಕಡೆ ಒಂದೇ ಸದ್ದು, ನುಣುಪು ರಸ್ತೆಗೆ ಬಂದ ಕೂಡಲೇ ಕಡಿಮೆ ಆದರೆ ಅದು ಟೈರಿನ ಸದ್ದು.

ಕೊನೆಗೆ ಸ್ಟೆಪ್ನಿ

ಡಿಕ್ಕಿಯಲ್ಲಿ ಇನ್ನೂ ಹಳೆಯ ಸ್ಟೀಲ್ ಚಕ್ರವೇ ಇರುತ್ತದೆ. ಅದಕ್ಕೆ ಹೊಸ ಅಲಾಯ್ ನಟ್ಟು ಹೊಂದದೇ ಇರಬಹುದು. ಬೋಲ್ಟ್ ಹಾಕುವ ಕಾರಾದರೆ ಇನ್ನೂ ಅಪಾಯ. ಅಲಾಯ್‌ಗೆ ಬೇಕಾದ ಉದ್ದದ ಬೋಲ್ಟ್ ತೆಳ್ಳನೆಯ ಸ್ಟೀಲ್ ಚಕ್ರಕ್ಕೆ ಹಾಕಿದರೆ ಒಳಗೆ ಹೋಗಿ ಬ್ರೇಕ್ ಭಾಗಗಳಿಗೆ ತಾಗಬಹುದು. ಮನೆಯಲ್ಲೇ, ಹಗಲಲ್ಲೇ ಒಮ್ಮೆ ಸ್ಟೆಪ್ನಿ ಹಾಕಿ ತಿರುಗಿಸಿ ನೋಡಿ. ನಾನು ಹಳೆಯ ನಟ್ಟುಗಳನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ ಸ್ಟೆಪ್ನಿಯ ನಡುವಿನ ಗುಳಿಯಲ್ಲಿ ಇಟ್ಟಿದ್ದೇನೆ. ಚೀಲದ ಮೇಲೆ "ಸ್ಟೆಪ್ನಿಗೆ ಮಾತ್ರ" ಅಂತ ಮಾರ್ಕರಿನಲ್ಲಿ ಬರೆದಿದೆ. ಅದರ ಜೊತೆಗೇ ಒಂದು ಹಬ್ ರಿಂಗ್ ಕೂಡ ಇದೆ.